ಕುರಿಗತ್ತರಿಯ ಗುರುತು

ಯಾರಾದರೂ ಹಳೆಯ ನೇಯ್ಗೆ ತಂದು ಮುಂದೆ ಹಾಸಿದರೆ ಡೆಜ್ಬಾ ಎಟ್ಸಿಟ್ಟಿ ಮೊದಲು ಅದನ್ನು ನೋಡುತ್ತಿರಲಿಲ್ಲ, ಮೂಸುತ್ತಿದ್ದಳು. ಕಣ್ಣಿಗೆ ಮೋಸ ಮಾಡುವುದನ್ನು ಜನ ಯಾವತ್ತೋ ಕಲಿತುಬಿಟ್ಟಿದ್ದಾರೆ, ಮೂಗಿಗೆ ಮಾಡುವುದು ಇನ್ನೂ ಪೂರ್ತಿ ಕೈಹತ್ತಿಲ್ಲ ಎಂಬುದು ಅವಳ ಅನುಭವ. ಹೋದ ವರ್ಷ ನೇಯ್ದದ್ದನ್ನು ಕಾಫಿ ಗಸಿಯಲ್ಲಿ ಅದ್ದಿ, ಮಾಡಿನ ಮೇಲೆ ಬಿಸಿಲಿಗೆ ಹರವಿ, ನೂರು ವರ್ಷದ್ದು ಎಂದು ತರುವವರಿದ್ದರು. ಹರಡಿಕೊಂಡ ಬಣ್ಣವನ್ನು ಮಕ್ಕಳ ಬಣ್ಣದ ಪೆನ್ನಿನಿಂದ ತಿದ್ದಿ ತರುವವರೂ ಇದ್ದರು. ಒಬ್ಬನಂತೂ ಜೀನಿನ ಕೆಳಗೆ ಹಾಸುತ್ತಿದ್ದ ಕಂಬಳಿ ಎಂದು ನಂಬಿಸಲು ಕುದುರೆ ಲದ್ದಿಯನ್ನೇ ತಿಕ್ಕಿಕೊಂಡು ಬಂದಿದ್ದ. "ಕುದುರೆ ಬೆನ್ನಲ್ಲಿ ಬೆವರುತ್ತೆ ಕಣೋ, ಬೆನ್ನಲ್ಲಿ ಹೇಲಲ್ಲ," ಎಂದು ಡೆಜ್ಬಾ ಅವನನ್ನು ಬಾಗಿಲಿನಿಂದಲೇ ಅಟ್ಟಿದ್ದಳು.

ಅವಳದು ಹೇಸಿಕೊಳ್ಳುವ ಸ್ವಭಾವವೇ. ಚಿಕ್ಕಂದಿನಿಂದ ಮಗ್ಗದ ಮುಂದೆ ಕೂತವಳು, ಆಮೇಲೆ ಲುಕಾಚುಕಾಯ್ ಕಡೆಯ ಅಂಗಡಿಯೊಂದರ ಕಂಬಳಿ ಕೋಣೆಯಲ್ಲಿ ಅರ್ಧ ಆಯುಸ್ಸು ಕಳೆದವಳು. ಅಂಗಡಿ ಮುಚ್ಚಿದ ಮೇಲೆ ವ್ಯಾಪಾರಿಗಳು ಮನೆಗೇ ಬರತೊಡಗಿದರು. ದೊಡ್ಡ ಕಂಬಳಿಗಳ ಬೆಲೆ ಹೇಳುವವರು ಬೇಕಾದಷ್ಟು ಜನ ಇದ್ದರು. ತೊಡೆಯ ಮೇಲೆ ಹಾಸಿಕೊಳ್ಳುವಷ್ಟು ಚಿಕ್ಕ ಹಳೆಯ ತುಂಡುಗಳ ಸಂಗತಿ ಬೇರೆ. ಸುಳ್ಳು ಅಡಗಿಸಲು ಚಿಕ್ಕದೇ ಅನುಕೂಲ. ಅಂಥದಕ್ಕೆ ಡೆಜ್ಬಾ ಹೂಂ ಅಂದರೆ ಗ್ಯಾಲಪ್ ಪೇಟೆಯಲ್ಲಿ ಯಾರೂ ಎದುರು ಮಾತಾಡುತ್ತಿರಲಿಲ್ಲ, ಊಹೂಂ ಅಂದರೆ ಯಾರೂ ಮುಟ್ಟುತ್ತಿರಲಿಲ್ಲ. ಅವಳ ಹೊಟ್ಟೆ ತುಂಬುತ್ತಿದ್ದದ್ದು ಆ ಎರಡು ಕಣ್ಣಿನಿಂದ.

ಆ ಕಣ್ಣಿಗೆ ಕಾಣಬಾರದವನು ಒಬ್ಬನಿದ್ದ, ಅವಳ ಅಳಿಯ ಲೈಮನ್ ಬಿಟ್ಸೂಯಿ. ಅವಳ ಬುಡಕಟ್ಟಾದ ಡಿನೆ ಜನರಲ್ಲಿ ಅತ್ತೆ ಅಳಿಯ ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ, ನೋಡಿದರೆ ಇಬ್ಬರ ಕಣ್ಣೂ ಹೋಗುತ್ತದೆ. ಈಗಿನವರು ಇದನ್ನೆಲ್ಲ ಗಾಳಿಗೆ ತೂರಿದ್ದಾರೆ. ಅತ್ತೆಯ ಪಕ್ಕದಲ್ಲೇ ಕೂತು ಟಿವಿ ನೋಡುವ ಅಳಿಯಂದಿರೂ ಇದ್ದಾರೆ. ಡೆಜ್ಬಾ ಮಾತ್ರ ತೂರಿರಲಿಲ್ಲ. ಅವಳ ನಡುಪಟ್ಟಿಗೆ ಅಜ್ಜಿಯ ಕಾಲದ ಬೆಳ್ಳಿಯ ಕಿರುಗೆಜ್ಜೆಗಳು ಹೊಲಿದಿದ್ದವು. ಅತ್ತೆ ಬರುತ್ತಿದ್ದಾಳೆ, ಮುಖ ತಿರುಗಿಸು ಎಂದು ಅಳಿಯನಿಗೆ ಹೇಳಲಿಕ್ಕೆಂದೇ ಇರುವ ಗೆಜ್ಜೆ ಅದು. ಗೆಜ್ಜೆ ಸದ್ದಾದರೆ ಲೈಮನ್ ಟೋಪಿ ಮುಂದಕ್ಕೆಳೆದು ಬೆನ್ನು ತಿರುಗಿಸುತ್ತಿದ್ದ. ಮಗಳ ಮದುವೆಯಾದಾಗಿನಿಂದ ಡೆಜ್ಬಾ ಅವನ ಕೆಮ್ಮು ಕೇಳಿದ್ದಳು, ಬೂಟಿನ ಸದ್ದು ಕೇಳಿದ್ದಳು, ಪಿಕಪ್ಪಿನ ಕಿಟಕಿಯಿಂದ ಆಚೆ ಇಳಿಬಿಟ್ಟ ಮೊಣಕೈ ಕಂಡಿದ್ದಳು. ಮುಖ ಮಾತ್ರ ಹೇಗಿದೆಯೋ ಗೊತ್ತಿರಲಿಲ್ಲ.

ಲೈಮನ್ ಹಳೆ ಸಾಮಾನಿನ ವ್ಯಾಪಾರ ಮಾಡುತ್ತಿದ್ದ. ಯಾರದೋ ಅಟ್ಟದಲ್ಲಿ ಸಿಕ್ಕಿದ ಕಂಬಳಿ, ಯಾವುದೋ ವಿಧವೆ ಮಾರಿದ ಬಳೆ, ಏನು ಸಿಕ್ಕರೂ ಬೆಲೆಗೆ ಮೊದಲು ಅತ್ತೆಯ ಮನೆಗೇ ತರುತ್ತಿದ್ದ. ಅವನು ಅಂಗಳದ ಜೂನಿಪರ್ ಮರದ ಕೆಳಗೆ ಪಿಕಪ್ ನಿಲ್ಲಿಸಿ ಕೂರುವುದು, ಮಗಳು ಡೆಲ್ಫೀನ್ ಸಾಮಾನು ಒಳಗೆ ತರುವುದು, ಡೆಜ್ಬಾ ನೋಡಿ ಹೇಳಿದ್ದನ್ನು ಅವಳೇ ಹೊರಗೆ ಒಯ್ದು ಮುಟ್ಟಿಸುವುದು. ಡೆಲ್ಫೀನಳ ಚಪ್ಪಲಿ ಸವೆದದ್ದೇ ಈ ಓಡಾಟದಲ್ಲಿ ಎಂದು ಅಕ್ಕಪಕ್ಕದವರು ನಗುತ್ತಿದ್ದರು.

ಪಿನ್ಯೋನ್ ಮರದ ಬೀಜ ಉದುರುವ ಕಾಲ ಅದು. ಡೆಲ್ಫೀನ್ ಒಂದು ದಿಂಬಿನ ಚೀಲ ಹಿಡಿದು ಒಳಗೆ ಬಂದಳು. ಒಲೆಯ ಮೇಲೆ ಕುರಿಮಾಂಸದ ಸಾರು ಕುದಿಯುತ್ತಿತ್ತು. ಡೆಜ್ಬಾ ಕೈ ಒರೆಸಿಕೊಂಡು ಚೀಲಕ್ಕೆ ಮೂಗು ಹಾಕಿದಳು. ಸೋಪಿನ ಪುಡಿಯ ವಾಸನೆ ಗಪ್ಪೆಂದು ಬಡಿಯಿತು.

"ಯಾಡಿಲಾ, ಥೂ, ಇದನ್ನ ಬಟ್ಟೆ ಸೋಪಲ್ಲಿ ಒಗೆದಿದ್ದೀರಾ?"

"ಕೊಳೆ ಇತ್ತಮ್ಮ. ಸ್ನಾನದ ತೊಟ್ಟೀಲಿ ರಾತ್ರಿಯೆಲ್ಲ ನೆನೆಸಿದ್ವಿ."

"ನಿನ್ನ ಗಂಡನಿಗೆ ಹೇಳು, ರೊಟ್ಟೀನೂ ಹಾಗೇ ಸೋಪಲ್ಲಿ ನೆನೆಸ್ಕೊಂಡು ತಿನ್ನಲಿ ಅಂತ."

ಬೈಯುತ್ತಲೇ ಕಿಟಕಿಯ ಬೆಳಕಿಗೆ ಹಾಸಿದಳು. ಹಾಸಿದವಳು ಬೈಗುಳ ನಿಲ್ಲಿಸಿದಳು. ಒಂದು ಮಗುವಿಗೆ ಹೊದಿಸುವಷ್ಟು ಅಗಲದ ತುಂಡು. ಕೆಂಪು ಮೈ, ಅದರ ಮೇಲೆ ಬಿಳಿ ಮತ್ತು ನೀಲಿಯ ಮೆಟ್ಟಿಲು ಗೆರೆಗಳು. ಸೋಪಿನ ಹೊಡೆತಕ್ಕೂ ಆ ಕೆಂಪು ಜಗ್ಗಿರಲಿಲ್ಲ. ಬೆರಳು ನೆಕ್ಕಿ ಒತ್ತಿ ನೋಡಿದಳು, ಬಣ್ಣ ಬಿಡಲಿಲ್ಲ. ಭೂತಗನ್ನಡಿ ತೆಗೆದು ಎಳೆ ನೋಡಿದಳು. ಕಳ್ಳಿಯ ಹುಳದ ಬಣ್ಣ ಕುಡಿದ ಅಂಗಡಿ ಬಟ್ಟೆಯನ್ನು ಎಳೆ ಎಳೆಯಾಗಿ ಬಿಚ್ಚಿ, ಮತ್ತೆ ಹೊಕ್ಕಾಗಿ ನೇಯ್ದ ಕೆಂಪು. ಅಷ್ಟು ತಾಳ್ಮೆಯ ಹೆಂಗಸರು ಅವಳ ಅಜ್ಜಿಯ ಕಾಲಕ್ಕೇ ಮುಗಿದುಹೋಗಿದ್ದರು.

ಹಾಸಿನೆಳೆ ಹತ್ತಿಯೋ ಉಣ್ಣೆಯೋ ಎಂದು ತಿಳಿಯಲು ಅವಳಿಗೆ ಒಂದೇ ದಾರಿ. ಅಂಚಿನ ಎಳೆಯೊಂದನ್ನು ತುಟಿಗೆ ಒತ್ತಿ, ನಾಲಗೆಯಿಂದ ತೇವ ಮಾಡಿ, ಮುಂದಿನ ಹಲ್ಲಲ್ಲಿ ಮೆಲ್ಲಗೆ ಕಚ್ಚಿದಳು. ಉಣ್ಣೆ, ಕೈಯಲ್ಲಿ ನೂತದ್ದು. ಮೇಲೂ ಕೆಳಗೂ ಹಾಸು ತುಂಡಾಗದೆ ಹೊರಳಿ ಬಂದಿತ್ತು. ನಡುವೆ ಅಲ್ಲಲ್ಲಿ ಕಂಡೂ ಕಾಣದ ಓರೆ ಗೆರೆಗಳು. ಹೆಂಗಸು ಕೂತಲ್ಲಿಂದ ಏಳದೆ ಕೈಗೆಟಕುವಷ್ಟನ್ನು ನೇಯ್ದು ಮುಗಿಸಿ, ಆಮೇಲೆ ಪಕ್ಕಕ್ಕೆ ಸರಿದ ಗುರುತು ಅದು. ನಕಲು ಮಾಡುವವರಿಗೆ ಈ ಗೆರೆ ಹೊಳೆಯುವುದೇ ಇಲ್ಲ.

ಡೆಜ್ಬಾಗೆ ಖುಷಿಯಾಯಿತು, ಸುಳ್ಳೇಕೆ ಹೇಳಬೇಕು. ಹಸಿದವಳ ಮುಂದೆ ತಟ್ಟೆ ಇಟ್ಟ ಹಾಗೆ ಆಯಿತು. ಇಷ್ಟು ವರ್ಷ ಕಸ ಮೂಸಿ ಮೂಸಿ ಬೇಸತ್ತಿದ್ದ ಮೂಗಿಗೆ, ಕಣ್ಣಿಗೆ ಕೊನೆಗೂ ಒಂದು ನಿಜ ಸಿಕ್ಕಿತ್ತು. ಇದು ಪೇಟೆಯ ಗೋಡೆಗಲ್ಲ, ಗಾಜಿನ ಪೆಟ್ಟಿಗೆಗೆ ಹೋಗುವ ವಸ್ತು, ಇಂಥದ್ದು ನಾನು ಕಂಬಳಿ ಕೋಣೆಯಲ್ಲೂ ಕಂಡಿಲ್ಲ ಎಂದು ಮಗಳಿಗೆ ಹೇಳಿದಳು. ಡೆಲ್ಫೀನಳ ಮುಖ ಅರಳಿತು. ಅವಳು ಹೊರಗೆ ಓಡಿ, ಹೇಳಿ, ನಗುತ್ತಾ ವಾಪಸು ಬಂದಳು. ಇದೊಂದು ಮಾರಿದರೆ ಲೈಮನ್ ಪೇಟೆಯಲ್ಲಿ ಸ್ವಂತ ಅಂಗಡಿ ಹಾಕುತ್ತಾನಂತೆ, ಅತ್ತೆಯ ಮಾತೊಂದು ಸಿಕ್ಕರೆ ಸಾಕಂತೆ. ಗ್ಯಾಲಪ್‌ನ ವ್ಯಾಪಾರಿ ಸಂಜೆಗೆ ಕಾಯುತ್ತಿದ್ದಾನಂತೆ.

ಅಷ್ಟರಲ್ಲಿ ಡೆಜ್ಬಾಳ ಕೈ ನಿಧಾನವಾಗಿತ್ತು. ಇಷ್ಟು ಹಳೆಯ ತುಂಡು ಎಲ್ಲಿ ಬದುಕಿತ್ತು ಎಂದು ಅವಳು ಹುಡುಕುತ್ತಿದ್ದಳು. ಜೀನಿನ ಕೆಳಗಿದ್ದರೆ ಒಂದಾದರೂ ಕುದುರೆ ಕೂದಲು ಸಿಕ್ಕಬೇಕಿತ್ತು. ನೆಲಕ್ಕೆ ಹಾಸಿದ್ದರೆ ಕಿಡಿ ಬಿದ್ದ ತೂತು, ಕೊಬ್ಬಿನ ಜಿಡ್ಡು ಇರಬೇಕಿತ್ತು. ಗೋಡೆಯ ಮೇಲಿದ್ದರೆ ಒಂದೇ ಮಗ್ಗುಲು ಮಾಸಬೇಕಿತ್ತು. ಇದು ಎಲ್ಲೂ ಸವೆದಿಲ್ಲ. ಯಾರ ಬದುಕಿನಲ್ಲೂ ಬಳಕೆಯಾಗಿಲ್ಲ. ಮಡಿಕೆಯ ಉದ್ದಕ್ಕೂ ಕಂದು ಬಣ್ಣದ ಕಲೆ ಇತ್ತು, ಸೋಪಿಗೆ ತೆಳುವಾಗಿತ್ತೇ ಹೊರತು ಹೋಗಿರಲಿಲ್ಲ. ಒಂದು ಮೂಲೆಯಲ್ಲಿ ಕಾಳಿನಷ್ಟು ಹಸಿರು ಚುಕ್ಕೆಗಳ ಸಾಲು. ಬೆಳ್ಳಿ ಗುಂಡಿ ಬಹಳ ಕಾಲ ಒಂದೇ ಕಡೆ ಒತ್ತಿಕೊಂಡಿದ್ದರೆ ಅದರೊಳಗಿನ ತಾಮ್ರ ಬಿಡುವ ಹಸಿರು ಅದು. ಉಗುರಿನಿಂದ ಎಳೆಗಳ ಸಂದಿ ಕೆದಕಿದಳು. ನುಣುಪಾದ ಕೆಂಪು ಮರಳು ಉದುರಿತು. ದೊಡ್ಡಿಯ ಮಣ್ಣಲ್ಲ, ಬಂಡೆಯ ಬಿರುಕಿನಲ್ಲಿ ಸೇರಿಕೊಳ್ಳುವ ಮರಳು.

ಅವಳು ತುಂಡನ್ನು ಮಗುಚಿ ಹಾಕಿದಳು. ಅಂಚಿನಿಂದ ನಡುವಿನ ತನಕ ಒಂದು ಹೊಸ ಹೊಲಿಗೆ ಓಡಿತ್ತು. ಒಳ್ಳೆಯ ಹೊಲಿಗೆಯೇ, ಮುಂಭಾಗದಿಂದ ಸುಲಭಕ್ಕೆ ಕಾಣುವಂಥದ್ದಲ್ಲ. ಆದರೆ ಹೊಲಿಗೆಯ ಕೆಳಗಿದ್ದದ್ದು ಹರಕಲ್ಲ, ಕತ್ತರಿಸಿದ್ದು. ಕತ್ತರಿ ಕಚ್ಚಿ ಕಚ್ಚಿ ಮುಂದೆ ಹೋಗಿತ್ತು, ಪ್ರತಿ ಕಚ್ಚಿನ ಕೊನೆಯಲ್ಲೂ ಒಂದು ಚಿಕ್ಕ ಕೊಕ್ಕೆಯಂಥ ಗುರುತು ಬಿಟ್ಟಿತ್ತು.

ಆ ಕೊಕ್ಕೆ ಅವಳಿಗೆ ಗೊತ್ತಿತ್ತು. ಅಜ್ಜಿಯ ಕುರಿಗತ್ತರಿಯ ಒಂದು ಬಾಯಿ ಮೊಂಡಾಗಿತ್ತು. ಡೆಜ್ಬಾ ಮದುವೆಯಾಗುವ ತನಕ ಅದೇ ಕತ್ತರಿಯಲ್ಲಿ ಉಣ್ಣೆ ಕತ್ತರಿಸಿ, ಆ ಕೊಕ್ಕೆಗೆ ಶಾಪ ಹಾಕಿದವಳು. ಅವಳು ಇನ್ನೂ ಹಲ್ಲು ಬೀಳುವ ವಯಸ್ಸಿನವಳಿದ್ದಾಗ ತಮ್ಮ ದಡಾರ ಬಂದು ಸತ್ತ. ಅಜ್ಜಿ ತಾನು ಹುಡುಗಿಯಾಗಿದ್ದಾಗ ನೇಯ್ದು, ಎಷ್ಟು ಕೇಳಿದರೂ ಮಾರದೆ ಇಟ್ಟುಕೊಂಡಿದ್ದ ಕೆಂಪು ತುಂಡನ್ನು ಅಂಗಳಕ್ಕೆ ತಂದಳು. ಮೊಣಕಾಲ ಮೇಲೆ ಬಿಗಿಹಿಡಿದು, ಅಂಚಿನಿಂದ ನಡುವಿನ ತನಕ ಕತ್ತರಿ ಆಡಿಸಿದಳು. ಸತ್ತವರ ಜೊತೆ ಹೋಗುವ ವಸ್ತು ಇಡಿಯಾಗಿ ಹೋಗಬಾರದು, ಕೆಡಿಸಿಯೇ ಕಳಿಸಬೇಕು. ಗಂಡಸರು ತಮ್ಮನನ್ನು ಅದರಲ್ಲಿ ಸುತ್ತಿಕೊಂಡು ಕೆಂಪು ಬಂಡೆಗಳ ಕಡೆ ಹೋದರು, ಸತ್ತವನು ಹಿಂದೆ ಬರಬಾರದೆಂದು ಬರುವಾಗ ಬೇರೆ ದಾರಿಯಲ್ಲಿ ಬಂದರು. ಅವನ ಅಂಗಿಗೆ ಬೆಳ್ಳಿ ಗುಂಡಿಗಳಿದ್ದವು. ಆಮೇಲೆ ಅವನ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಡೆಜ್ಬಾ ಕೈ ಹಿಂದಕ್ಕೆಳೆದುಕೊಂಡಳು. ಎಳೆಯನ್ನು ಬಾಯಿಗಿಟ್ಟಿದ್ದು ನೆನಪಾಯಿತು. ನಾಲಗೆಯ ಮೇಲೆ ಸೋಪಿನ ರುಚಿ ಇನ್ನೂ ಇತ್ತು, ಅದರ ಕೆಳಗೆ ಇನ್ನೇನೋ ಇತ್ತು. ಬಾಗಿಲ ತನಕ ಹೋಗಲಾಗಲಿಲ್ಲ, ಬೂದಿ ಬಕೆಟ್ಟಿಗೇ ವಾಂತಿ ಮಾಡಿಕೊಂಡಳು. ಡೆಲ್ಫೀನ್ ಗಾಬರಿಯಾಗಿ ನೀರು ತಂದಳು. ಡೆಜ್ಬಾ ಬಾಯಿ ಮುಕ್ಕಳಿಸಿ ಉಗಿದಳು, ಮತ್ತೆ ಉಗಿದಳು, ಬರಿಗೈಯಿಂದಲೇ ನಾಲಗೆ ಒರೆಸಿಕೊಂಡಳು.

"ಎಲ್ಲಿ ಸಿಕ್ತು ಇದು?"

ಯಾರೋ ಮಾರಿದರಂತೆ ಎಂದು ಡೆಲ್ಫೀನ್ ಶುರುಮಾಡಿದಳು. ತಾಯಿಯ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದಳು. ಆಮೇಲೆ ತುಟಿ ಮುಂದೆ ಮಾಡಿ ಬಾಗಿಲಾಚೆಯ ಕೆಂಪು ಬಂಡೆಗಳ ಕಡೆ ತೋರಿಸಿದಳು.

"ಬಿರುಕಿನೊಳಗಾ?"

"ಕಲ್ಲು ಅಡ್ಡ ಇಟ್ಟಿದ್ರಂತೆ. ಅವನು ಹೇಳಿದ, ಯಾವ ಕಾಲದ್ದೋ, ಯಾರ ಕಡೆಯವರೂ ಈಗ ಇಲ್ಲ ಅಂತ."

"ಒಳಗೆ ಇದೊಂದೇ ಇತ್ತಾ?"

ಡೆಲ್ಫೀನ್ ನೆಲ ನೋಡಿದಳು. "ನಾನು ಕೇಳ್ಲಿಲ್ಲಮ್ಮ."

ಗೊತ್ತಿದ್ದವಳು ಮಾತ್ರ ಹಾಗೆ ಕೇಳದೆ ಇರುತ್ತಾಳೆ. ಡೆಜ್ಬಾಗೆ ಮಗಳ ಬಗ್ಗೆ ಎಂದೂ ಹುಟ್ಟದ ಅಸಹ್ಯ ಹುಟ್ಟಿತು, ತಾನೇ ಹೆತ್ತು ಸಾಕಿದ ಮೈಯಿಂದ ಒಂದು ಹೆಜ್ಜೆ ದೂರ ಸರಿದಳು. ಅಷ್ಟಕ್ಕೇ ಮುಗಿಯಲಿಲ್ಲ. ನೆನೆಸಿದ್ದು ಯಾವ ತೊಟ್ಟಿ ಎಂದು ಕೇಳಿದಳು. ಮನೆಯಲ್ಲಿ ಇರುವುದೇ ಒಂದು, ಮೊಮ್ಮಗಳು ಶಾಂಡೀನ್ ದಿನಾ ಕೂತು ನೀರಾಡುವ ತೊಟ್ಟಿ. ಒಣಗಿಸಿದ್ದು ಎಲ್ಲಿ ಎಂದು ಕೇಳಿದಳು. ಮಗುವಿನ ಕೋಣೆಯಲ್ಲಿ, ಹಾಸಿಗೆಯ ಮೇಲಿನ ಹಗ್ಗಕ್ಕೆ. ಬಣ್ಣ ಚೆಂದ ಇದೆ ಅಂತ ಶಾಂಡೀನ್ ಒಂದು ಮಧ್ಯಾಹ್ನ ಅದನ್ನೇ ಎಳೆದು ಹೊದ್ದು ಮಲಗಿದ್ದಳಂತೆ. ಹೇಳುತ್ತಾ ಹೇಳುತ್ತಾ ಡೆಲ್ಫೀನಳಿಗೆ ತಾನು ಏನು ಹೇಳುತ್ತಿದ್ದೇನೆ ಎಂಬುದು ಕಿವಿಗೆ ಬಿತ್ತು, ಅಳತೊಡಗಿದಳು. ಡೆಜ್ಬಾ ಸಮಾಧಾನ ಮಾಡಲಿಲ್ಲ.

ಹೊರಗಿನಿಂದ ಹಾರನ್ ಕೇಳಿತು. ಬೆಲೆ ಎಷ್ಟಾಯಿತು ಎಂದು ಅರ್ಥ.

"ಹೋಗಿ ಹೇಳು. ಅದರಲ್ಲಿ ಸುತ್ತಿದ್ದದ್ದು ನನ್ನ ತಮ್ಮನ್ನ. ನಿನಗೆ ಸೋದರಮಾವ ಆಗಬೇಕಾಗಿದ್ದವನು."

ತನಗೆ ಅಂಥ ಮಾವನೊಬ್ಬ ಇದ್ದ ಎಂಬುದನ್ನು ಡೆಲ್ಫೀನ್ ಕೇಳುತ್ತಿದ್ದದ್ದೇ ಈಗ. ಸತ್ತವರನ್ನು ಕರೆದರೆ ಬಂದುಬಿಡುತ್ತಾರೆ ಎಂದು ಹೆದರಿ ಸುಮ್ಮನಿರುವುದನ್ನು ಡೆಜ್ಬಾ ಅಜ್ಜಿಯಿಂದ ಕಲಿತಿದ್ದಳು. ಮಗಳಿಗೆ ಹೇಳಿರಲಿಲ್ಲ, ಮುಖ ನೋಡದ ಅಳಿಯನಿಗೆ ಹೇಳುವ ಮಾತೇ ಇರಲಿಲ್ಲ. ಆ ಬಿರುಕಿನ ಹತ್ತಿರ ಹೋಗಬೇಡ ಎಂದು ಒಂದು ಮಾತು ಆಡಿದ್ದರೆ ಸಾಕಿತ್ತೇನೋ. ಆ ಯೋಚನೆಯೂ ಅವಳಿಗೆ ಬಾಯಿ ಕಹಿ ಮಾಡಿತು.

ಡೆಲ್ಫೀನ್ ಹೋದಳು, ಬಂದಳು. ಲೈಮನ್ ಬಹಳ ಬೇಜಾರು ಮಾಡಿಕೊಂಡನಂತೆ, ಯಾರೂ ತನಗೆ ಹೇಳಿರಲಿಲ್ಲ ಎಂದನಂತೆ. ಹಾಗಾದರೆ ವಾಪಸು ಇಡಲಿ ಎಂದಳು ಡೆಜ್ಬಾ. ಡೆಲ್ಫೀನ್ ಮತ್ತೆ ಹೋದಳು. ಈ ಸಲ ಬರುವುದು ತಡವಾಯಿತು. ಬಂದವಳು ಬಾಗಿಲ ಚೌಕಟ್ಟಿಗೆ ಒರಗಿ, ತಾಯಿಯ ಕಡೆ ನೋಡದೆ ಗಂಡನ ಮಾತನ್ನು ಹಾಗೆಯೇ ಒಪ್ಪಿಸಿದಳು.

"ಆಗಿದ್ದು ಆಗೋಯ್ತು, ತೆಗೆದದ್ದಂತೂ ತೆಗೆದಾಯ್ತು ಅಂತಾನೆ. ಸತ್ತ ಮಗುವಿಗೆ ಇನ್ನು ಚಳಿ ಆಗಲ್ಲವಂತೆ. ನೀನು ಹೂಂ ಅಂದ್ರೆ ಅರ್ಧ ನಿನಗೇ ಅಂತೆ. ನಿನ್ನ ತಮ್ಮಂದಾದ್ರೆ ನಿನಗೂ ಪಾಲಿದೆಯಲ್ಲ, ಅದು ನ್ಯಾಯ ಅಂತಾನೆ."

ಡೆಜ್ಬಾ ಲೆಕ್ಕ ಹಾಕಿದಳು. ಊಹೂಂ ಎಂದು ಹೇಳಿಕಳಿಸಿದರೆ ಅವನು ಆಗಲಿ ಎನ್ನುತ್ತಾನೆ, ಪಿಕಪ್ಪು ಮಾತ್ರ ಗ್ಯಾಲಪ್ ಕಡೆ ತಿರುಗುತ್ತದೆ. ಅವಳ ಮಾತಿಲ್ಲದೆಯೂ ಇದನ್ನು ಮೇಜಿನ ಕೆಳಗೆ ಕೊಳ್ಳುವವರಿದ್ದಾರೆ. ಮನೆಯಲ್ಲೇ ಇಟ್ಟುಕೊಳ್ಳುವಂತಿಲ್ಲ, ಸತ್ತವನ ವಸ್ತು. ತಾನೇ ಬಂಡೆ ಹತ್ತುವಂತಿಲ್ಲ, ಕಾಲಲ್ಲಿ ಅಷ್ಟು ಕಸುವು ಉಳಿದಿಲ್ಲ. ಅವನೇ ಇಡಬೇಕು, ಇಡುವುದನ್ನು ಯಾರಾದರೂ ನಿಂತು ನೋಡಬೇಕು. ಡೆಲ್ಫೀನಳನ್ನು ಕಳಿಸುವಷ್ಟು ನಂಬಿಕೆ ಈಗ ಉಳಿದಿರಲಿಲ್ಲ. ಉಳಿದದ್ದು ತನ್ನ ಕಣ್ಣು. ಅದು ಹೋದರೆ ನೇಯ್ಗೆ ಹೋಯಿತು, ಅನ್ನ ಹೋಯಿತು, ಕೊನೆಗೆ ಮೊಮ್ಮಗಳ ಮುಖವೂ ಹೋಯಿತು.

ಅವಳು ಎದ್ದು ಕುರಿಗತ್ತರಿ ತಂದಳು. ಈಗಿನ ಕತ್ತರಿ, ಬಾಯಿ ಚೂಪಾಗಿತ್ತು. ಕೂತು, ಆ ಒಳ್ಳೆಯ ಹೊಲಿಗೆಯನ್ನು ಒಂದೊಂದಾಗಿ ಕಿತ್ತಳು. ಅಜ್ಜಿಯ ಕತ್ತರಿ ನಿಂತಿದ್ದ ಜಾಗದಿಂದ ಮುಂದಕ್ಕೆ, ಇನ್ನೊಂದು ಅಂಚಿನ ತನಕ ತಾನೇ ಕತ್ತರಿಸಿದಳು. ಇಡೀ ಆಯುಸ್ಸಿನಲ್ಲಿ ಕಂಡ ಅತಿ ಚೆಂದದ ನೇಯ್ಗೆ ಎರಡು ತುಂಡಾಯಿತು. ತುಂಡುಗಳನ್ನು ದಿಂಬಿನ ಚೀಲಕ್ಕೆ ತುಂಬಿದಳು. ಆಮೇಲೆ ನಡುಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟಳು. ಗೆಜ್ಜೆಗಳು ಒಮ್ಮೆ ಸದ್ದು ಮಾಡಿ ಸುಮ್ಮನಾದವು.

"ಬೇಡಮ್ಮ," ಎಂದಳು ಡೆಲ್ಫೀನ್.

ಸದ್ದಿಲ್ಲದೆ ಅತ್ತೆ ಬರಬಹುದು ಎಂದು ಲೈಮನ್ ಕನಸಲ್ಲೂ ಎಣಿಸಿರಲಿಲ್ಲ. ರೇಡಿಯೋ ಕೇಳುತ್ತಾ ಪಿನ್ಯೋನ್ ಬೀಜ ಒಡೆದು ತಿನ್ನುತ್ತಿದ್ದ. ಪಕ್ಕದ ಬಾಗಿಲು ತೆರೆದು ಯಾರೋ ಹತ್ತಿ ಕೂತಾಗ ಹೆಂಡತಿಯೆಂದೇ ತಿರುಗಿದ. ಡೆಜ್ಬಾ ಅವನ ಮುಖವನ್ನು ನೇರವಾಗಿ ನೋಡಿದಳು.

ಅವಳ ಮನಸ್ಸಿನಲ್ಲಿ ಏನೇನೋ ಇತ್ತು. ಹದ್ದಿನ ಮೂಗು, ಕಳ್ಳನ ಕಣ್ಣು, ಏನಾದರೊಂದು ಗುರುತು ಇರುತ್ತದೆ ಎಂದುಕೊಂಡಿದ್ದಳು. ಅಂಥದ್ದೇನೂ ಇರಲಿಲ್ಲ. ದುಂಡನೆಯ, ಸಾದಾ ಮುಖ. ಕೆನ್ನೆಯಲ್ಲಿ ಗುಳಿ. ಶಾಂಡೀನಳಿಗೆ ಇದ್ದ ಗುಳಿಯೇ ಅದು. ಕೆಳತುಟಿಯಲ್ಲಿ ಬೀಜದ ಸಿಪ್ಪೆ ಅಂಟಿತ್ತು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಅತ್ತೆ, ಕಣ್ಣು ಹೋಗುತ್ತೆ. ಇಬ್ಬರದ್ದೂ ಹೋಗುತ್ತೆ."

"ಸತ್ತ ಮಗುವಿನ ಮೈಮೇಲಿಂದ ಇದನ್ನ ಎಳೆಯೋವಾಗ ಹೋಗಲಿಲ್ಲವಲ್ಲ ನಿಂದು. ಗಾಡಿ ತೆಗಿ."

"ಎಲ್ಲಿಗೆ?"

"ನೀನು ಎಲ್ಲಿಂದ ತಂದ್ಯೋ ಅಲ್ಲಿಗೆ. ನೀನು ಹತ್ತು, ನಾನು ಕೆಳಗೆ ಕೂತು ನೋಡ್ತೀನಿ."

ಅವಳು ಚೀಲವನ್ನು ಅವನ ತೊಡೆಯ ಮೇಲೆ ಒಗೆದಳು. ಒಳಗೆ ಎರಡು ತುಂಡು ಕಂಡು ಲೈಮನ್ ಒಂದು ನಿಮಿಷ ಹೆದರಿಕೆಯನ್ನೂ ಮರೆತ. ಎಂಥ ವಸ್ತು ಹಾಳುಮಾಡಿದಿರಿ ಎಂದು ಗೊಣಗಿದ. ಗೋರಿಗೆ ಕೈ ಹಾಕಿದವನು ಕಂಬಳಿಗಾಗಿ ಕಣ್ಣೀರಿಡುವುದನ್ನು ನೋಡಿ ಡೆಜ್ಬಾಗೆ ಉಗಿಯಬೇಕೆನ್ನಿಸಿತು. ಬಾಯಿ ಒಣಗಿತ್ತು.

ದಾರಿಯುದ್ದಕ್ಕೂ ಅವನು ಅವಳ ಕಡೆಯ ಕಣ್ಣಿಗೆ ಅಂಗೈ ಅಡ್ಡ ಹಿಡಿದು ಒಂದೇ ಕೈಯಲ್ಲಿ ಗಾಡಿ ಓಡಿಸಿದ. ಎದುರಿಗೆ ಬಂದ ನೆರೆಮನೆಯವನು ಅತ್ತೆ ಅಳಿಯ ಅಕ್ಕಪಕ್ಕ ಕೂತದ್ದು ಕಂಡು ತನ್ನ ಗಾಡಿಯನ್ನು ರಸ್ತೆಯ ಅಂಚಿಗೇ ಇಳಿಸಿದ. ಬಂಡೆಯ ಬುಡದಲ್ಲಿ ಲೈಮನ್ ಇಳಿದು ಹತ್ತಿದ. ಡೆಜ್ಬಾ ಕಣ್ಣು ಕೀಳದೆ ನೋಡಿದಳು. ಅವನು ಬಿರುಕಿನಲ್ಲಿ ಬಗ್ಗಿದ್ದು, ಒಳಗಿನದನ್ನು ಕಂಡು ಒಂದು ಸಲ ಹಿಂದಕ್ಕೆ ಸರಿದದ್ದು, ಚೀಲ ಖಾಲಿ ಮಾಡಿದ್ದು, ಕಲ್ಲುಗಳನ್ನು ಒಂದೊಂದಾಗಿ ಅಡ್ಡ ಇಟ್ಟದ್ದು ಎಲ್ಲವನ್ನೂ ನೋಡಿದಳು. ಹತ್ತಿದ ದಾರಿಯಲ್ಲೇ ಇಳಿಯಹೊರಟವನಿಗೆ ಬೇರೆ ದಾರಿಯಲ್ಲಿ ಇಳಿ ಎಂದು ತುಟಿಯಿಂದ ತೋರಿಸಿದಳು. ಅಷ್ಟು ದೂರದಿಂದ ಆ ತುಟಿ ಕಾಣಬೇಕಾದರೆ ಅವನೂ ಅವಳ ಮುಖವನ್ನೇ ನೋಡುತ್ತಿದ್ದಿರಬೇಕು.

ಸತ್ತವರ ಕಾಟ ಬಿಡಿಸುವ ಹಾಡುಗಾರನನ್ನು ಕರೆಸಿ, ನಾಲ್ವರಿಗೂ ಶುದ್ಧಿಯಾಯಿತು. ತೊಟ್ಟಿಯನ್ನು ಹೊರಗೆ ಎಸೆದರು. ಆಮೇಲೆ ಒಂದು ಬೆಳಿಗ್ಗೆ ಡೆಲ್ಫೀನ್ ಶಾಂಡೀನಳನ್ನು ಕರೆದುಕೊಂಡು ಬಂದು, ಮೇಜಿನ ಮೇಲೆ ಹಾಗೇ ಬಿದ್ದಿದ್ದ ನಡುಪಟ್ಟಿಯನ್ನು ನೋಡಿ, ಕಟ್ಟಿಕೋ ಎನ್ನಲು ಧೈರ್ಯವಾಗದೆ ಬೇರೆ ಮಾತು ಕೇಳಿದಳು.

"ಕಣ್ಣು ಹೇಗಿದೆಯಮ್ಮ? ಮಂಜು ಗಿಂಜು ಏನಾದ್ರೂ?"

ಶಾಂಡೀನ್ ಓಡಿಬಂದು ಅಜ್ಜಿಯ ಮುಖಕ್ಕೆ ಮುಖ ಹಿಡಿದು ನಕ್ಕಳು. ಕೆನ್ನೆಯಲ್ಲಿ ಅದೇ ಗುಳಿ ಬಿತ್ತು. ಡೆಜ್ಬಾ ಮುಖವನ್ನು ಆಚೆ ತಿರುಗಿಸಿಕೊಂಡಳು.

"ಏನೂ ಆಗಿಲ್ಲ," ಎಂದಳು. "ಎಲ್ಲ ಚೆನ್ನಾಗಿ ಕಾಣುತ್ತೆ."